ಗೇಣುದ್ದದ ವಿಮಾನ: ಹವ್ಯಾಸಿ ಸಿನಿಮಾ ಮತ್ತು ಮಾದರಿಯ ಸತ್ಯ

ಕನ್ನಡದಲ್ಲಾಗಲಿ ಮಲಯಾಳದಲ್ಲಾಗಲಿ ಸಿನಿಮಾದ ಬಗ್ಗೆ ನಾವು ಬರೆಯುವ ವಿಮರ್ಶೆಗೆ ಒಂದು ರೂಢಿಯಿದೆ. ಕತೆ, ನಿರ್ದೇಶನ, ಅಭಿನಯ, ಸಾಮಾಜಿಕ ಆಶಯ ಎಲ್ಲ ಮುಗಿದ ಮೇಲೆ ಕೊನೆಯ ಪ್ಯಾರಾದಲ್ಲಿ ಛಾಯಾಗ್ರಹಣ ಚೆನ್ನಾಗಿದೆ, ಸಂಕಲನ ಬಿಗಿಯಾಗಿದೆ ಎಂದು ಎರಡು ಮಾತು ಸೇರಿಸಿ ಮುಗಿಸುತ್ತೇವೆ. 'ಸ್ಪೆಷಲ್ ಎಫೆಕ್ಟ್ಸ್' ಎಂಬುದಕ್ಕಂತೂ ಆ ಎರಡು ಮಾತಿನ ಭಾಗ್ಯವೂ ಇಲ್ಲ. ಅದು ಮಕ್ಕಳಿಗೆ ಬೆರಗು, ನಿರ್ಮಾಪಕನಿಗೆ ಖರ್ಚು, ವಿಮರ್ಶಕನಿಗೆ ಬೇಡದ ವಿಷಯ. ಅದರಲ್ಲೂ ಹವ್ಯಾಸಿಯೊಬ್ಬ ದಾರ ಕಟ್ಟಿ ತೂಗಿಬಿಟ್ಟ ಗೇಣುದ್ದದ ಪ್ಲಾಸ್ಟಿಕ್ ವಿಮಾನವನ್ನು ವಿಮರ್ಶೆಯ ವಸ್ತುವೆಂದರೆ ನಗುವವರೇ ಹೆಚ್ಚು. ಆದರೆ ಕಲೆಯಲ್ಲಿ ನಂಬಿಕೆ ಹೇಗೆ ಹುಟ್ಟುತ್ತದೆ, ಆ ನಂಬಿಕೆಗೆ ಯಾರು ಬೆಲೆ ತೆರುತ್ತಾರೆ ಎಂಬ ಎರಡು ಪ್ರಶ್ನೆಗಳನ್ನು ಇಷ್ಟು ನೇರವಾಗಿ ನಮ್ಮ ಮುಂದಿಡುವ ವಸ್ತು ಬೇರೊಂದು ಸಿಗುವುದು ಕಷ್ಟ. ಈ ಲೇಖನ ಆ ಎರಡು ಪ್ರಶ್ನೆಗಳನ್ನು ಕುರಿತದ್ದು.

'ಹವ್ಯಾಸಿ' ಎಂಬ ಮಾತನ್ನು ಇಲ್ಲಿ ಕೀಳು ಅರ್ಥದಲ್ಲಿ ಬಳಸಿಲ್ಲ. ನಮ್ಮಲ್ಲಿ ಹವ್ಯಾಸಿ ರಂಗಭೂಮಿ, ಹವ್ಯಾಸಿ ಯಕ್ಷಗಾನ ಸಂಘಗಳು ಗೌರವದಿಂದ ಬಾಳಿವೆ. ಹಗಲು ಶಾಲೆಯಲ್ಲೋ ಬ್ಯಾಂಕಿನಲ್ಲೋ ದುಡಿದು ರಾತ್ರಿ ಬಣ್ಣ ಹಚ್ಚುವವರು ಕಲೆಯನ್ನು ಹೊಟ್ಟೆಪಾಡಿನ ಒತ್ತಡದಿಂದ ಬಿಡಿಸಿ ನೋಡಬಲ್ಲರು. ಸಿನಿಮಾದ ಹವ್ಯಾಸಿಯೂ ಅಂಥವನೇ. ಅವನಲ್ಲಿ ಹಣವಿಲ್ಲ, ಅವನಿಗೆ ವಿಮಾನ ಕೊಡುವವರಿಲ್ಲ, ಆದರೆ ಅವನ ಕತೆಯಲ್ಲಿ ವಿಮಾನ ಹಾರಲೇಬೇಕು. ಆಗ ಅವನಿಗೆ ಉಳಿಯುವ ದಾರಿ ಒಂದೇ: ಅಂಗಡಿಯಿಂದ ತಂದು ಅಂಟು ಹಾಕಿ ಜೋಡಿಸಿದ ಮಾದರಿ.

೧

ಮಾದರಿಯನ್ನು ಕುರಿತು ಯೋಚಿಸಲು ನಮಗೆ ಹಾಲಿವುಡ್ಡಿನ ಪರಿಭಾಷೆಯೇ ಬೇಕೆಂದಿಲ್ಲ. ರಸಸೂತ್ರವನ್ನು ವ್ಯಾಖ್ಯಾನಿಸಿದವರಲ್ಲಿ ಒಬ್ಬನಾದ ಶ್ರೀಶಂಕುಕನ ಮತವನ್ನು ಅಭಿನವಗುಪ್ತ ನಮಗೆ ಉಳಿಸಿಕೊಟ್ಟಿದ್ದಾನೆ. ರಂಗದ ಮೇಲಿನ ನಟನನ್ನು ನಾವು ರಾಮನೆಂದು ತಿಳಿಯುವ ಬಗೆ ಯಾವುದು? ಇವನೇ ನಿಜವಾದ ರಾಮ ಎಂಬ ಸಮ್ಯಕ್ ಜ್ಞಾನವಲ್ಲ. ಮೊದಲು ರಾಮನೆಂದು ನಂಬಿ ಆಮೇಲೆ ಅಲ್ಲವೆಂದು ತಿಳಿಯುವ ಮಿಥ್ಯಾಜ್ಞಾನವೂ ಅಲ್ಲ. ರಾಮನೋ ಅಲ್ಲವೋ ಎಂಬ ಸಂಶಯವಲ್ಲ, ರಾಮನಂತಿದ್ದಾನೆ ಎಂಬ ಸಾದೃಶ್ಯವೂ ಅಲ್ಲ. ಚಿತ್ರದಲ್ಲಿ ಬರೆದ ಕುದುರೆಯನ್ನು ನೋಡಿ 'ಇದು ಕುದುರೆ' ಎನ್ನುತ್ತೇವಲ್ಲ, ಅಂಥ ಐದನೆಯ ಬಗೆಯ ತಿಳಿವು ಅದು. ಇದನ್ನೇ ಚಿತ್ರತುರಗ ನ್ಯಾಯ ಎನ್ನುತ್ತಾರೆ. ಅಭಿನವಗುಪ್ತ ಶಂಕುಕನ ಅನುಕರಣವಾದವನ್ನು ಒಪ್ಪಲಿಲ್ಲ. ಆದರೆ ಆ ಕುದುರೆ ಮಾತ್ರ ವಾದದಲ್ಲಿ ಸೋತ ಮೇಲೂ ನಮ್ಮ ಕಾವ್ಯಮೀಮಾಂಸೆಯಲ್ಲಿ ಓಡುತ್ತಲೇ ಇದೆ.

ಮಾದರಿ ವಿಮಾನವನ್ನು ತೆರೆಯ ಮೇಲೆ ನೋಡುವುದು ಚಿತ್ರತುರಗವನ್ನು ನೋಡಿದಂತೆಯೇ ಎಂದು ಮೊದಲ ನೋಟಕ್ಕೆ ಅನ್ನಿಸುತ್ತದೆ. ಆದರೆ ಒಂದು ಮುಖ್ಯ ವ್ಯತ್ಯಾಸವಿದೆ. ಚಿತ್ರದ ಕುದುರೆ ತಾನು ಚಿತ್ರವೆಂಬುದನ್ನು ಮುಚ್ಚಿಡುವುದಿಲ್ಲ. ಕಾಸರಗೋಡಿನ ಯಕ್ಷಗಾನ ಬೊಂಬೆಯಾಟದಲ್ಲಿ ಬೊಂಬೆಯ ಸೂತ್ರ ನಮಗೆ ಕಾಣುತ್ತದೆ. ಕಂಡರೂ ಆಟದ ರಸಕ್ಕೆ ಭಂಗವಿಲ್ಲ. ಭಾಗವತರ ಪದ್ಯ ಏರುತ್ತಿದ್ದಂತೆ ಸೂತ್ರ ಕಣ್ಣಿನಿಂದ ತಾನಾಗಿ ಜಾರಿಹೋಗುತ್ತದೆ. ಸಿನಿಮಾ ಹಾಗಲ್ಲ. ಕ್ಯಾಮೆರಾ ಎದುರಿಗೆ ಇದ್ದುದನ್ನೇ ಹಿಡಿಯುತ್ತದೆ ಎಂಬ ಹಳೆಯ ನಂಬಿಕೆಯೊಂದನ್ನು ಪ್ರೇಕ್ಷಕ ಮನೆಯಿಂದಲೇ ಹೊತ್ತು ತಂದಿರುತ್ತಾನೆ. ಆದ್ದರಿಂದ ಸಿನಿಮಾದ ದಾರ ಕಂಡರೆ ನಾವು ನಗುತ್ತೇವೆ. ಬೊಂಬೆಯಾಟದಲ್ಲಿ ಒಪ್ಪಂದವಾಗಿರುವ ದಾರ ಇಲ್ಲಿ ಕಳ್ಳತನದ ಗುರುತಾಗುತ್ತದೆ. ಹವ್ಯಾಸಿಯ ಕಷ್ಟ ಪ್ರಾರಂಭವಾಗುವುದು ಇಲ್ಲಿಂದ.

ದಾರ ಮುಚ್ಚಿದರೆ ಸಾಕೆಂದು ಅವನು ತಿಳಿಯುತ್ತಾನೆ. ಗಾಳದ ನೂಲಿಗೆ ಆಕಾಶದ ಬಣ್ಣ ಬಳಿಯುತ್ತಾನೆ. ವಿಮಾನವನ್ನು ತಲೆಕೆಳಗಾಗಿ ಕಟ್ಟಿ ಕ್ಯಾಮೆರಾವನ್ನೂ ತಲೆಕೆಳಗಾಗಿಸುತ್ತಾನೆ. ನೋಡುವವರು ದಾರವನ್ನು ವಿಮಾನದ ಮೇಲುಗಡೆ ಹುಡುಕುತ್ತಾರೆ, ಅದು ಹೊಟ್ಟೆಯ ಕೆಳಗಿರುತ್ತದೆ. ಇವೆಲ್ಲ ಒಳ್ಳೆಯ ಉಪಾಯಗಳೇ. ಆದರೂ ತೆರೆಯ ಮೇಲೆ ಬಂದಾಗ ಅದು ಆಟಿಕೆಯೇ. ದಾರವಿಲ್ಲದ ಆಟಿಕೆ, ಅಷ್ಟೆ. ಯಾಕೆ?

೨

ಯಾಕೆಂದರೆ ಗಾತ್ರವನ್ನು ಕಿರಿದು ಮಾಡಿದವನು ಕಾಲವನ್ನು ಹಿರಿದು ಮಾಡಲು ಮರೆತಿದ್ದಾನೆ. ಇದು ಭೌತಶಾಸ್ತ್ರದ ಮಾತಾದರೂ ವಿಮರ್ಶೆಗೆ ಸೇರಿದ ಮಾತೇ.

ಎತ್ತರದಿಂದ ಬೀಳುವ ವಸ್ತು ನೆಲ ಮುಟ್ಟಲು ಬೇಕಾಗುವ ಹೊತ್ತು ಎತ್ತರದ ವರ್ಗಮೂಲವನ್ನು ಅನುಸರಿಸುತ್ತದೆ. ಹದಿನಾರರಲ್ಲೊಂದು ಪಾಲಿಗೆ ಇಳಿಸಿದ ಮಾದರಿ ತನ್ನ ಪುಟ್ಟ ಜಗತ್ತಿನಲ್ಲಿ ಬೀಳುವಾಗ ನಿಜ ವಿಮಾನಕ್ಕಿಂತ ನಾಲ್ಕು ಪಟ್ಟು ಬೇಗ ನೆಲ ಸೇರುತ್ತದೆ. ಭೂಮಿಯ ಸೆಳೆತವನ್ನು ಯಾರೂ ಹದಿನಾರರಲ್ಲೊಂದು ಮಾಡಲಾರರು. ಆದ್ದರಿಂದ ಸೆಕೆಂಡಿಗೆ ೨೪ ಫ್ರೇಮ್ ಹಿಡಿಯುವ ಬದಲು ೯೬ ಹಿಡಿದು, ತೋರಿಸುವಾಗ ೨೪ರಲ್ಲೇ ತೋರಿಸಬೇಕು. ಆಗ ಮಾದರಿಗೆ ಭಾರ ಬರುತ್ತದೆ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ನಲವತ್ತೆಂಟರಲ್ಲೊಂದು ಅಳತೆಯ ಸ್ಪಿಟ್‌ಫೈರ್ ವಿಮಾನದ ರೆಕ್ಕೆಗಳ ಹರವು ಸುಮಾರು ೨೩ ಸೆಂಟಿಮೀಟರ್, ಸರಿಯಾಗಿ ಒಂದು ಗೇಣು. ಅದಕ್ಕೆ ಸೆಕೆಂಡಿಗೆ ೧೬೬ರಷ್ಟು ಫ್ರೇಮ್ ಬೇಕು. ಹವ್ಯಾಸಿಗಳ ಅಚ್ಚುಮೆಚ್ಚಿನ ಬೊಲೆಕ್ಸ್ ೧೬ ಮಿಲಿಮೀಟರ್ ಕ್ಯಾಮೆರಾದ ಗರಿಷ್ಠ ವೇಗ ೬೪. ಲೆಕ್ಕ ಹಾಕಿದರೆ ಆ ಕ್ಯಾಮೆರಾ ಪ್ರಾಮಾಣಿಕವಾಗಿ ನಿಭಾಯಿಸಬಲ್ಲದ್ದು ಏಳರಲ್ಲೊಂದು ಅಳತೆಯ ಮಾದರಿಯನ್ನು ಮಾತ್ರ. ಆ ಅಳತೆಯಲ್ಲಿ ಸ್ಪಿಟ್‌ಫೈರ್ ರೆಕ್ಕೆಯಿಂದ ರೆಕ್ಕೆಗೆ ೧.೬ ಮೀಟರ್ ಆಗುತ್ತದೆ, ಮನುಷ್ಯನ ಎತ್ತರದಷ್ಟು. ಅಂಥದ್ದನ್ನು ಕಟ್ಟಲು ಹವ್ಯಾಸಿಯ ಅಡುಗೆಮನೆಯ ಮೇಜು ಸಾಲದು.

ಬೀಳುವುದಷ್ಟೇ ಅಲ್ಲ, ಹಾರುವುದಕ್ಕೂ ಇದೇ ನಿಯಮ. ಗಂಟೆಗೆ ೩೬೦ ಕಿಲೋಮೀಟರ್ ವೇಗದ ವಿಮಾನದ ನಲವತ್ತೆಂಟರಲ್ಲೊಂದು ಮಾದರಿ ಆ ೧೬೬ ಫ್ರೇಮುಗಳ ಮುಂದೆ ಗಂಟೆಗೆ ಸುಮಾರು ೫೦ ಕಿಲೋಮೀಟರ್ ವೇಗದಲ್ಲಿ, ಎಂದರೆ ಬೈಕಿನ ವೇಗದಲ್ಲಿ ಸಾಗಬೇಕು. ಕೈಯಲ್ಲಿ ದಾರ ಎಳೆದರೆ ಆಗುವ ಕೆಲಸವಲ್ಲ. ಸಾಲದ್ದಕ್ಕೆ ಬೆಂಕಿ, ನೀರು ಮತ್ತು ಹೊಗೆ ಯಾವ ಅಳತೆಗೂ ಜಗ್ಗುವುದಿಲ್ಲ. ನೀರಿನ ಹನಿ ತನ್ನ ಗಾತ್ರವನ್ನು ತಾನೇ ನಿರ್ಧರಿಸುತ್ತದೆ. ಗೇಣುದ್ದದ ವಿಮಾನ ಬಕೆಟ್ಟಿನ 'ಸಮುದ್ರ'ಕ್ಕೆ ಬಿದ್ದಾಗ ಏಳುವ ಹನಿ ಆ ಲೆಕ್ಕದಲ್ಲಿ ತೆಂಗಿನಕಾಯಿಯಷ್ಟು ದಪ್ಪವಾಗಿ ಕಾಣುತ್ತದೆ. ಕಣ್ಣಿಗೆ ಲೆಕ್ಕ ಗೊತ್ತಿಲ್ಲದಿರಬಹುದು, ಮೋಸ ಗೊತ್ತಾಗುತ್ತದೆ.

ಇದನ್ನು ಚೆನ್ನಾಗಿ ಅರಿತವರು ಅಮೆರಿಕದ ರಿಪಬ್ಲಿಕ್ ಸ್ಟುಡಿಯೋದ ಲೈಡೆಕರ್ ಸೋದರರು, ಹೋವರ್ಡ್ ಮತ್ತು ಥಿಯೊಡೋರ್. ಅದು ಕಡಿಮೆ ಖರ್ಚಿನ ಚಿತ್ರಗಳನ್ನು ಅವಸರದಲ್ಲಿ ತಯಾರಿಸುತ್ತಿದ್ದ ಸ್ಟುಡಿಯೋ. ಅವರು ಮಾದರಿಗಳನ್ನು ಆದಷ್ಟು ದೊಡ್ಡದಾಗಿ ಕಟ್ಟಿದರು, ಸ್ಟುಡಿಯೋದ ದೀಪ ಬಿಟ್ಟು ಬಯಲಿನ ಬಿಸಿಲಿಗೆ ಹೋದರು, ನಿಜವಾದ ಮೋಡಗಳನ್ನೇ ಹಿನ್ನೆಲೆಯಾಗಿಸಿಕೊಂಡರು. ಬಿಗಿಯಾಗಿ ಎಳೆದು ಕಟ್ಟಿದ ತಂತಿಗಳ ಮೇಲೆ ವಿಮಾನವನ್ನು ಜಾರಿಬಿಟ್ಟರು. ೧೯೪೨ರ 'ಫ್ಲೈಯಿಂಗ್ ಟೈಗರ್ಸ್' ಚಿತ್ರದ ಇಂಥ ಕೆಲಸ ಆಸ್ಕರ್ ನಾಮನಿರ್ದೇಶನದವರೆಗೂ ಹೋಯಿತು. ಇಲ್ಲಿ ಹವ್ಯಾಸಿಗೆ ಪಾಠವಿದೆ. ಬಿಸಿಲು ಪುಕ್ಕಟೆ, ಮೋಡವೂ ಪುಕ್ಕಟೆ. ಹೆಚ್ಚು ಬೆಳಕಿದ್ದಷ್ಟೂ ಲೆನ್ಸಿನ ಕಿಂಡಿಯನ್ನು ಕಿರಿದು ಮಾಡಬಹುದು; ಕಿಂಡಿ ಕಿರಿದಾದಷ್ಟೂ ಮೂಗಿನಿಂದ ಬಾಲದವರೆಗೆ ವಿಮಾನ ಸ್ಪಷ್ಟವಾಗಿ ಕಾಣುತ್ತದೆ. ಮುಂದಿನದು ಸ್ಪಷ್ಟವಾಗಿ ಹಿಂದಿನದು ಮಸುಕಾದರೆ ವಸ್ತು ಪುಟ್ಟದೆಂದು ಕಣ್ಣು ತಕ್ಷಣ ತೀರ್ಮಾನಿಸುತ್ತದೆ.

೩

ಇಷ್ಟೆಲ್ಲ ಸರಿಯಾದರೆ ಮಾದರಿ ಕಲೆಯಾಗುತ್ತದೆಯೇ? ನನ್ನ ಉತ್ತರ ಇಲ್ಲ ಎಂದು. ತಾಂತ್ರಿಕ ಪೂರ್ಣತೆ ಒಂದು ಸುಳ್ಳನ್ನು ಇನ್ನಷ್ಟು ಸಮರ್ಥವಾಗಿಸಲೂಬಹುದು. ಇದಕ್ಕೆ ಜಪಾನಿನ ಎಯಿಜಿ ತ್ಸುಬುರಾಯನ ಎರಡು ಕೃತಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು ಉಪಯುಕ್ತ.

ಜಪಾನಿನ ವಿಮಾನಗಳು ಪರ್ಲ್ ಹಾರ್ಬರ್ ಮೇಲೆ ಎರಗಿ ಒಂದು ವರ್ಷ ತುಂಬುವ ಹೊತ್ತಿಗೆ, ೧೯೪೨ರ ಡಿಸೆಂಬರಿನಲ್ಲಿ, ತೋಹೋ ಸಂಸ್ಥೆಯ 'ಹವಾಯಿಯಿಂದ ಮಲಯಾದವರೆಗಿನ ಸಮುದ್ರಯುದ್ಧ' ಎಂಬ ಚಿತ್ರ ಬಿಡುಗಡೆಯಾಯಿತು. ನಿರ್ದೇಶಕ ಕಾಜಿರೊ ಯಾಮಾಮೊಟೊ. ಮಾದರಿಗಳ ಕೆಲಸ ತ್ಸುಬುರಾಯನದು. ಬಂದರು, ಹಡಗುಗಳು, ವಿಮಾನಗಳು ಎಲ್ಲವನ್ನೂ ಆತ ಮಾದರಿಯಲ್ಲಿ ಕಟ್ಟಿದ. ಯುದ್ಧ ಮುಗಿದ ಮೇಲೆ ಅಮೆರಿಕದವರು ಆ ದೃಶ್ಯಗಳನ್ನು ನಿಜವಾದ ದಾಳಿಯ ಚಿತ್ರೀಕರಣವೆಂದೇ ತಿಳಿದರು ಎಂಬ ಮಾತು ಸಿನಿಮಾ ಚರಿತ್ರೆಯಲ್ಲಿ ಬಹಳ ಪ್ರಚಲಿತವಾಗಿದೆ. ತಂತ್ರದ ದೃಷ್ಟಿಯಿಂದ ಇದಕ್ಕಿಂತ ದೊಡ್ಡ ಬಿರುದು ಬೇಕಿಲ್ಲ. ಆದರೆ ಆ ಚಿತ್ರದ ಕಣ್ಣು ಯಾವಾಗಲೂ ಮೇಲಿನಿಂದ ಕೆಳಗೆ ನೋಡುವ ಕಣ್ಣು. ವಿಮಾನದಲ್ಲಿ ಕುಳಿತ ತರುಣರ ತರಬೇತಿ, ಶಿಸ್ತು, ತ್ಯಾಗಗಳ ಬಗ್ಗೆ ಅದಕ್ಕೆ ಅಕ್ಕರೆಯಿದೆ. ಕೆಳಗೆ ಹಡಗಿನಲ್ಲಿ ಸಾಯುವವರ ಕಡೆ ಅದರ ಗಮನ ಹರಿಯುವುದಿಲ್ಲ. ಮಾದರಿ ಹಡಗಿನಲ್ಲಿ ಜನರಿಲ್ಲ ಎಂಬುದು ಇಲ್ಲಿ ಬರಿಯ ತಾಂತ್ರಿಕ ಸಂಗತಿಯಾಗಿ ಉಳಿಯದೆ ಇಡೀ ಚಿತ್ರದ ಧೋರಣೆಯಾಗಿಬಿಟ್ಟಿದೆ. ಸಾವನ್ನು ಕಾಣದಂತೆ ಮಾಡಲು ಪುಟ್ಟ ಮಾದರಿ ಎಷ್ಟು ಅನುಕೂಲ ನೋಡಿ!

ಹನ್ನೆರಡು ವರ್ಷಗಳ ನಂತರ, ಜಪಾನ್ ಸೋತು ಸುಟ್ಟು ನೊಂದ ಮೇಲೆ, ಅದೇ ತ್ಸುಬುರಾಯ ೧೯೫೪ರಲ್ಲಿ ಇಶಿರೊ ಹೊಂಡಾನ 'ಗೊಜಿರಾ'ಕ್ಕೆ ಟೋಕಿಯೋ ನಗರವನ್ನು ಮಾದರಿಯಲ್ಲಿ ಕಟ್ಟಿ ಕೆಡವಿದ. ಕೊನೆಯಲ್ಲಿ ಆ ಪ್ರಾಣಿಯ ಮೇಲೆ ಎರಗುವ ಜೆಟ್ ವಿಮಾನಗಳು ಮಾದರಿಗಳೆಂದು ಇವತ್ತಿನ ಕಣ್ಣಿಗೆ ಕೂಡಲೇ ಗೊತ್ತಾಗುತ್ತದೆ. ತಾಂತ್ರಿಕವಾಗಿ ಹಿಂದಿನ ಚಿತ್ರಕ್ಕೆ ಸಿಕ್ಕ ಬಿರುದು ಇದಕ್ಕೆ ಸಿಗಲಾರದು. ಆದರೆ ಕುಸಿಯುವ ಮಾದರಿ ಕಟ್ಟಡಗಳ ನಡುವೆ ಮಕ್ಕಳನ್ನು ತಬ್ಬಿಕೊಂಡು ಕುಳಿತ ತಾಯಿಯೊಬ್ಬಳಿದ್ದಾಳೆ. ಮಾರನೆಯ ದಿನದ ಆಸ್ಪತ್ರೆಯಿದೆ, ಅಲ್ಲಿ ಸಾಲಾಗಿ ಮಲಗಿಸಿದ ಗಾಯಾಳುಗಳಿದ್ದಾರೆ. ಮಾದರಿಯೊಳಗೆ ಜನರನ್ನು ಇಟ್ಟ ಚಿತ್ರ ಇದು. ಪೊಳ್ಳೆಂದು ಗೊತ್ತಾಗುವ ವಿಮಾನ ಸತ್ಯವನ್ನು ಹೇಳಬಲ್ಲದು, ನಿಜವೆಂದು ನಂಬಿಸುವ ವಿಮಾನ ಸುಳ್ಳನ್ನು ಹೇಳಬಲ್ಲದು. ಮಾದರಿಯ ಸತ್ಯ ಅದರ ಗಾತ್ರದಲ್ಲಿಲ್ಲ, ದಾರದಲ್ಲೂ ಇಲ್ಲ. ಅದರೊಳಗೆ ಒಬ್ಬ ಮನುಷ್ಯನಿದ್ದಾನೆ ಎಂಬುದನ್ನು ಕೃತಿ ನೆನಪಿಟ್ಟುಕೊಂಡಿದೆಯೇ ಎಂಬುದರಲ್ಲಿದೆ.

೪

ಹಾಗಾದರೆ ನಿಜವಾದ ವಿಮಾನವನ್ನೇ ಹಾರಿಸಿ ಚಿತ್ರಿಸುವುದು ಹೆಚ್ಚು ಸತ್ಯವಲ್ಲವೇ ಎಂದು ಕೇಳುವವರಿದ್ದಾರೆ. ಗುಬ್ಬಿ ಕಂಪೆನಿಯ 'ಕುರುಕ್ಷೇತ್ರ'ದಲ್ಲಿ ನಿಜವಾದ ಆನೆ ಕುದುರೆಗಳು ರಂಗಕ್ಕೆ ಬಂದದ್ದನ್ನು ನಮ್ಮ ಹಿರಿಯರು ಬಾಯ್ತುಂಬ ಹೇಳುತ್ತಿದ್ದರು. ಆ ವೈಭವವನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ವಿಮಾನದ ವಿಷಯದಲ್ಲಿ ನಿಜದ ಹಟಕ್ಕೆ ತೆತ್ತ ಬೆಲೆಯನ್ನು ಮರೆಯಬಾರದು.

ಹೋವರ್ಡ್ ಹ್ಯೂಸ್ ೧೯೩೦ರಲ್ಲಿ ತೆರೆಗೆ ತಂದ 'ಹೆಲ್ಸ್ ಏಂಜೆಲ್ಸ್' ಚಿತ್ರಕ್ಕೆ ನಿಜವಾದ ಯುದ್ಧವಿಮಾನಗಳ ದಂಡನ್ನೇ ಕೂಡಿಸಿದ. ಚಿತ್ರೀಕರಣದಲ್ಲಿ ಮೂವರು ವೈಮಾನಿಕರೂ ಒಬ್ಬ ಮೆಕ್ಯಾನಿಕ್ಕೂ ಪ್ರಾಣ ಕಳೆದುಕೊಂಡರು. ಅದೇ ಚಿತ್ರದ ಜೆಪ್ಪೆಲಿನ್ ವಾಯುನೌಕೆ ಮಾತ್ರ ಮಾದರಿ. ಅದು ಉರಿದು ಬಿದ್ದಾಗ ಯಾರೂ ಸಾಯಲಿಲ್ಲ. ನೋಡುವವರ ನೆನಪಿನಲ್ಲಿ ಆ ಜೆಪ್ಪೆಲಿನ್ ದೃಶ್ಯವೂ ಅಷ್ಟೇ ಗಾಢವಾಗಿ ಉಳಿದಿದೆ ಎಂಬುದನ್ನು ಗಮನಿಸಬೇಕು. ೧೯೮೫ರ ಸೆಪ್ಟೆಂಬರಿನಲ್ಲಿ 'ಟಾಪ್ ಗನ್' ಚಿತ್ರಕ್ಕಾಗಿ ಕ್ಯಾಮೆರಾ ಕಟ್ಟಿದ ವಿಮಾನವನ್ನು ಸುರುಳಿ ಸುತ್ತಿಸುತ್ತಿದ್ದ ಆರ್ಟ್ ಶೋಲ್ ಶಾಂತ ಸಾಗರಕ್ಕೆ ಬಿದ್ದರು. ದೇಹವೂ ಸಿಗಲಿಲ್ಲ. ಅದೇ ಚಿತ್ರದಲ್ಲಿ ಸ್ಫೋಟಿಸುವ ವಿಮಾನಗಳು ಮಾದರಿಗಳು.

ಈ ಸಂದಿಗ್ಧದ ಅತ್ಯಂತ ವಿಷಾದಕರ ಉದಾಹರಣೆ ರಾಬರ್ಟ್ ಆಲ್ಡ್ರಿಚ್‌ನ 'ದ ಫ್ಲೈಟ್ ಆಫ್ ದ ಫೀನಿಕ್ಸ್' (೧೯೬೫). ಎಲ್ಸ್ಟನ್ ಟ್ರೆವರ್‌ನ ಕಾದಂಬರಿ ಅದರ ಮೂಲ. ಸಹಾರಾ ಮರುಭೂಮಿಯಲ್ಲಿ ಬಿದ್ದ ಸರಕು ವಿಮಾನದ ಅವಶೇಷಗಳಿಂದ ಹೊಸ ವಿಮಾನವೊಂದನ್ನು ಕಟ್ಟಬಹುದೆಂದು ಡಾರ್ಫ್‌ಮನ್ ಎಂಬ ಜರ್ಮನ್ ವಿನ್ಯಾಸಕ ಹೇಳುತ್ತಾನೆ. ನೀರಿಲ್ಲದೆ ಸಾಯುತ್ತಿರುವವರು ಅವನನ್ನು ನಂಬಿ ದುಡಿಯುತ್ತಾರೆ. ಕೆಲಸ ಬಹುಪಾಲು ಮುಗಿದ ಮೇಲೆ ಗೊತ್ತಾಗುತ್ತದೆ, ಅವನು ವಿನ್ಯಾಸ ಮಾಡುವುದು ಮಾದರಿ ವಿಮಾನಗಳನ್ನು! ಪೈಲಟ್ ಟೌನ್ಸ್‌ನ ಪಾತ್ರದಲ್ಲಿ ಜೇಮ್ಸ್ ಸ್ಟುವರ್ಟ್ ಆಗ ತೋರುವ ದಿಗ್ಭ್ರಮೆ ನೋಡತಕ್ಕದ್ದು. ಆಟಿಕೆಯವನ ಮಾತು ಕೇಳಿ ಕೆಟ್ಟೆವಲ್ಲ ಎಂಬ ಭಾವ. ಆದರೆ ಹಾರ್ಡಿ ಕ್ರೂಗರ್ ಅಭಿನಯಿಸಿದ ಡಾರ್ಫ್‌ಮನ್‌ಗೆ ಅವಮಾನವೇನೂ ಇಲ್ಲ. ಆಟಿಕೆ ಬೇರೆ, ಮಾದರಿ ಬೇರೆ ಎಂಬುದು ಅವನ ವಾದ. ಮಾದರಿಯೊಳಗೆ ಪೈಲಟ್ ಇರುವುದಿಲ್ಲ, ತಪ್ಪನ್ನು ತಿದ್ದಲು ಕೈಯಿಲ್ಲ. ಆದ್ದರಿಂದ ಅದು ತನ್ನಷ್ಟಕ್ಕೆ ಸ್ಥಿರವಾಗಿ ಹಾರುವಂತೆ ಇನ್ನೂ ಎಚ್ಚರದಿಂದ ಅದನ್ನು ಕಟ್ಟಬೇಕು. ಮಾದರಿಕಾರನ ಶ್ರದ್ಧೆಗೆ ಸಿನಿಮಾ ಸಲ್ಲಿಸಿದ ದೊಡ್ಡ ಗೌರವ ಇದು. ಕತೆಯಲ್ಲಿ ಆ ವಿಮಾನ ಹಾರುತ್ತದೆ, ಬದುಕಿ ಉಳಿದವರನ್ನು ದಡ ಸೇರಿಸುತ್ತದೆ.

ಆದರೆ ಮಾದರಿಯ ಮೇಲೆ ಇಷ್ಟು ನಂಬಿಕೆಯಿಟ್ಟ ಈ ಚಿತ್ರ ತನ್ನ ಚಿತ್ರೀಕರಣದಲ್ಲಿ ಮಾದರಿಯನ್ನು ನಂಬಲಿಲ್ಲ. ಹಾರುವ ದೃಶ್ಯಕ್ಕೆಂದೇ ಮನುಷ್ಯ ಕೂರುವ ವಿಮಾನವೊಂದನ್ನು ಕಟ್ಟಿಸಿ ಹಾರಿಸಿತು. ೧೯೬೫ರ ಜುಲೈ ೮ರಂದು ಅದು ಮರಳಿಗೆ ತಾಗಿ ಮುರಿದುಬಿದ್ದು ಹೆಸರಾಂತ ವೈಮಾನಿಕ ಪಾಲ್ ಮಾಂಟ್ಸ್ ತೀರಿಕೊಂಡರು. ಚಿತ್ರದ ಕೊನೆಯಲ್ಲಿ ಅವರ ಸ್ಮರಣೆಯ ಸಾಲುಗಳಿವೆ. ಅದನ್ನು ಓದಿದ ಮೇಲೆ ಆ ಹಾರಾಟವನ್ನು ಮೊದಲಿನಂತೆ ನೋಡಲಾಗುವುದಿಲ್ಲ. ಕಲೆಗಾಗಿ ಕಲಾವಿದ ತನ್ನನ್ನೇ ತೆತ್ತುಕೊಳ್ಳುವ ಮಾತನ್ನು ನಾವು ರೂಪಕವಾಗಿ ಆಡುತ್ತೇವೆ. ಇಲ್ಲಿ ಅದು ರೂಪಕವಾಗಿರಲಿಲ್ಲ. ಒಂದು ದೃಶ್ಯದ 'ನೈಜತೆ' ಒಂದು ಜೀವಕ್ಕೆ ಸಮವೇ ಎಂಬ ಪ್ರಶ್ನೆಗೆ ಯಾವ ಸೌಂದರ್ಯಶಾಸ್ತ್ರವೂ ಹೌದು ಎನ್ನಲಾರದು. ಮಾದರಿಯನ್ನು ಬಡತನದ ಅನಿವಾರ್ಯತೆ ಎಂದಷ್ಟೇ ನೋಡದೆ ಒಂದು ನೈತಿಕ ಆಯ್ಕೆ ಎಂದೂ ನೋಡಬೇಕಾದದ್ದು ಇದರಿಂದ. ಹ್ಯೂಸ್‌ನ ಬದುಕನ್ನೇ ಕುರಿತು ಮಾರ್ಟಿನ್ ಸ್ಕಾರ್ಸೆಸೆ ೨೦೦೪ರಲ್ಲಿ 'ದ ಏವಿಯೇಟರ್' ತೆಗೆದಾಗ ಹ್ಯೂಸ್‌ನ ವಿಮಾನಗಳಿಗೆ ರೇಡಿಯೋ ನಿಯಂತ್ರಿತ ದೊಡ್ಡ ಮಾದರಿಗಳನ್ನು ಬಳಸಿದ್ದು ಇತಿಹಾಸದ ಒಂದು ಮಧುರ ವ್ಯಂಗ್ಯ. ಕಂಪ್ಯೂಟರಿನಲ್ಲಿ ಏನನ್ನೂ ಬರೆಯಬಲ್ಲ ಕಾಲದಲ್ಲಿ, ೨೦೧೭ರ 'ಡನ್‌ಕರ್ಕ್' ಚಿತ್ರಕ್ಕೆ ಕ್ರಿಸ್ಟೊಫರ್ ನೋಲನ್ ಕೂಡ ಬೀಳುವ ವಿಮಾನಗಳಿಗಾಗಿ ಅಂಥ ಮಾದರಿಗಳನ್ನೇ ಹಾರಿಸಿದರು.

೫

ಇಷ್ಟು ಹೊತ್ತು ನೋಡಿದ್ದು ವೃತ್ತಿಯವರ ಕೆಲಸ. ಹವ್ಯಾಸಿಯ ಬಳಿಗೆ ಬರೋಣ. ಸ್ಟೀವನ್ ಸ್ಪೀಲ್‌ಬರ್ಗ್ ಹುಡುಗನಾಗಿದ್ದಾಗ ಮಾಡಿದ ಮನೆಚಿತ್ರಗಳಲ್ಲಿ ನಮ್ಮ ಚರ್ಚೆಗೆ ಎರಡು ಮುಖ್ಯ. ಮೊದಲನೆಯದು ಆಟಿಕೆ ರೈಲುಗಳ ಡಿಕ್ಕಿ. ರೈಲುಗಳನ್ನು ಒಂದಕ್ಕೊಂದು ಗುದ್ದಿಸಿ ಹಾಳುಮಾಡುತ್ತಿದ್ದ ಹುಡುಗನಿಗೆ ತಂದೆಯಿಂದ ಎಚ್ಚರಿಕೆ ಬಂತು. ಆಗ ಡಿಕ್ಕಿಯನ್ನು ೮ ಮಿಲಿಮೀಟರ್ ಕ್ಯಾಮೆರಾದಲ್ಲಿ ಹಿಡಿದ. ೨೦೨೨ರ 'ದ ಫೇಬಲ್‌ಮನ್ಸ್' ಚಿತ್ರದಲ್ಲಿ ಅವರೇ ಇದನ್ನು ಮತ್ತೆ ಕಟ್ಟಿದ್ದಾರೆ. ೧೯೫೨ರ 'ದ ಗ್ರೇಟೆಸ್ಟ್ ಶೋ ಆನ್ ಅರ್ಥ್' ಚಿತ್ರದ ರೈಲು ಅಪಘಾತವನ್ನು ಕಂಡು ಬೆಚ್ಚಿದ ಪುಟ್ಟ ಸ್ಯಾಮಿಗೆ ಆ ಭಯವನ್ನು ಕೈಯಲ್ಲಿ ಹಿಡಿಯಬೇಕಾಗಿದೆ. ಒಂದೇ ಸಲ ಗುದ್ದಿಸಿ ಚಿತ್ರ ತೆಗೆ, ಆಮೇಲೆ ಬೇಕಾದಷ್ಟು ಸಲ ನೋಡಿಕೋ, ರೈಲು ಮುರಿಯುವುದಿಲ್ಲ ಎಂಬರ್ಥದ ಉಪಾಯವನ್ನು ತಾಯಿ ಹೇಳಿಕೊಡುತ್ತಾಳೆ. ಅವನನ್ನು ಬೆಚ್ಚಿಸಿದ ಆ ದೊಡ್ಡ ಚಿತ್ರದ ರೈಲೂ ಮಾದರಿಯೇ ಆಗಿತ್ತು ಎಂಬುದು ಇಲ್ಲಿಯ ಸ್ವಾರಸ್ಯ. ಭಯವನ್ನು ಕೊಟ್ಟದ್ದೂ ಮಾದರಿ, ಭಯವನ್ನು ಪಳಗಿಸಿದ್ದೂ ಮಾದರಿ.

ಎರಡನೆಯದು ೧೯೬೧ರ 'ಫೈಟರ್ ಸ್ಕ್ವಾಡ್', ಹದಿನಾಲ್ಕರ ಹುಡುಗನ ಯುದ್ಧಚಿತ್ರ. ಇದರಲ್ಲಿ ಮಾದರಿಯ ಬದಲಿಗೆ ಬೇರೊಂದು ಉಪಾಯ. ಎರಡನೆಯ ಮಹಾಯುದ್ಧದ ವಿಮಾನಗಳ ತಯಾರಾದ ರೀಲುಗಳನ್ನು ಕೊಂಡು ತಂದು, ಅವುಗಳ ನಡುವೆ ತನ್ನ ಗೆಳೆಯರ ಮುಖಗಳನ್ನು ಸೇರಿಸಿದ. ಗೆಳೆಯರು ಕುಳಿತದ್ದು ಫೀನಿಕ್ಸ್ ನಗರದ ವಿಮಾನ ನಿಲ್ದಾಣದಲ್ಲಿ ನಿಂತೇ ಇದ್ದ ಹಳೆಯ ವಿಮಾನಗಳಲ್ಲಿ. ಕ್ಯಾಮೆರಾವನ್ನು ವಾಲಿಸಿದರೆ ವಿಮಾನ ವಾಲುತ್ತದೆ. ಆಕಾಶ ಬೇರೆಯವರದು, ವಿಮಾನ ಬೇರೆಯವರದು, ಹುಡುಗನದು ಎಂಬುದು ಮುಖ ಮಾತ್ರ. ಆದರೆ ಅದನ್ನು ಅವನ ಚಿತ್ರವನ್ನಾಗಿ ಮಾಡಿದ್ದು ಆ ಮುಖವೇ. ಹವ್ಯಾಸಿ ಚಿತ್ರದ ಸೂತ್ರ ಇಲ್ಲಿದೆ ಎಂದು ನನಗನ್ನಿಸುತ್ತದೆ. ವಿಮಾನ ಎರವಲಾದರೂ ಆಗಬಹುದು, ಗೇಣುದ್ದವಾದರೂ ಆಗಬಹುದು. ಅದರ ಕಿಟಕಿಯ ಹಿಂದಿನ ಮುಖ ಎರವಲಾಗಬಾರದು.

ಈ ಮಾತನ್ನು ಇನ್ನೂ ಸ್ವಲ್ಪ ಬಿಡಿಸಬೇಕು. ಮಾದರಿ ವಿಮಾನದ ಒಂದು ಷಾಟ್ ತಾನಾಗಿ ಏನನ್ನೂ ಹೇಳುವುದಿಲ್ಲ. ಅದಕ್ಕೆ ಹಿಂದಿನ ಮತ್ತು ಮುಂದಿನ ಷಾಟುಗಳು ಜೀವ ಕೊಡುತ್ತವೆ. ನೋಡುವ ಕಣ್ಣು ಮೊದಲು, ವಿಮಾನ ಆಮೇಲೆ, ಮತ್ತೆ ಅದೇ ಕಣ್ಣು. ಯಕ್ಷಗಾನದಲ್ಲಿ ಪುಷ್ಪಕ ವಿಮಾನ ಬಂದಾಗ ರಂಗದ ಮೇಲೆ ವಿಮಾನದ ಆಕಾರವೇ ಇರಬೇಕೆಂದಿಲ್ಲ. ಭಾಗವತರ ಪದ, ವೇಷಧಾರಿಯ ಹೆಜ್ಜೆ, ಮೇಲಕ್ಕೆ ಎತ್ತಿದ ದೃಷ್ಟಿ, ಇಷ್ಟರಲ್ಲಿ ಆಕಾಶ ಹುಟ್ಟುತ್ತದೆ. ಸಿನಿಮಾದವನಿಗೆ ಅಷ್ಟು ಸ್ವಾತಂತ್ರ್ಯವಿಲ್ಲ, ಅವನು ಏನನ್ನಾದರೂ ತೋರಿಸಲೇಬೇಕು. ಆದರೆ ತೋರಿಸುವುದು ಕಡಿಮೆಯಾಗಿ ನೋಡುವವರ ಮುಖ ಹೆಚ್ಚಾದರೆ ಮಾದರಿಯ ಕುಂದು ತಾನಾಗಿ ಮುಚ್ಚಿಹೋಗುತ್ತದೆ. ಮೂರು ಸೆಕೆಂಡು ನಿಂತರೆ ನಗು ಬರುವ ಮಾದರಿ ಒಂದು ಸೆಕೆಂಡಿನಲ್ಲಿ ಎದೆ ನಡುಗಿಸಬಲ್ಲದು. ಔಚಿತ್ಯ ಎಂದು ನಮ್ಮ ಮೀಮಾಂಸಕರು ಕರೆದದ್ದು ಇಂಥದ್ದನ್ನೇ.

೬

ಈಗ ಈ ಚರ್ಚೆ ಗಡಿನಾಡಿನ ನಮಗೆ ಯಾಕೆ ಬೇಕು ಎಂಬ ಪ್ರಶ್ನೆ. ಇಂದು ನಮ್ಮ ಊರುಗಳ ತರುಣರು ಮೊಬೈಲಿನಲ್ಲೇ ಕಿರುಚಿತ್ರ ಮಾಡುತ್ತಿದ್ದಾರೆ. ಅನೇಕ ಮೊಬೈಲುಗಳು ಸೆಕೆಂಡಿಗೆ ೨೪೦ ಫ್ರೇಮ್ ಹಿಡಿಯುತ್ತವೆ. ಮೇಲಿನ ಲೆಕ್ಕದಂತೆ ನೂರರಲ್ಲೊಂದು ಅಳತೆಯ ಮಾದರಿಗೂ ಅದು ಸರಿಯಾದ ಭಾರ ಕೊಡಬಲ್ಲದು. ಬೊಲೆಕ್ಸ್ ಹಿಡಿದವರು ಕನಸಿನಲ್ಲೂ ಕಾಣದ ಸೌಕರ್ಯ ಇದು. ಬೇಕಾದದ್ದು ಧಾರಾಳ ಬಿಸಿಲು ಮಾತ್ರ, ಅದು ನಮ್ಮಲ್ಲಿ ಮಳೆಗಾಲ ಬಿಟ್ಟರೆ ಯಥೇಷ್ಟ. ಇನ್ನು ಮಾದರಿಯೂ ಬೇಡವೆನ್ನುವವರಿಗೆ ಕಂಪ್ಯೂಟರಿನಲ್ಲಿ ತಯಾರಾದ ವಿಮಾನ, ತಯಾರಾದ ಬೆಂಕಿ, ತಯಾರಾದ ಹೊಗೆ ಸಿಗುತ್ತವೆ. ತಂತ್ರದ ಅಡ್ಡಿ ಬಹುತೇಕ ತೊಲಗಿದೆ. ತೊಲಗಿದಾಗಲೇ ನಿಜವಾದ ಪ್ರಶ್ನೆ ಎದುರಾಗುತ್ತದೆ: ವಿಮಾನವನ್ನು ಯಾತಕ್ಕಾಗಿ ಹಾರಿಸುತ್ತೇವೆ, ಯಾತಕ್ಕಾಗಿ ಬೀಳಿಸುತ್ತೇವೆ?

ನಮ್ಮ ಈ ಕರಾವಳಿಯಲ್ಲಿ ವಿಮಾನ ಎಂದರೆ ಯುದ್ಧದ ವಸ್ತುವಲ್ಲ. ಕೊಲ್ಲಿಗೆ ಹೋದ ಮಗ, ಬರಬೇಕಾದ ಗಂಡ, ಎರಡು ವರ್ಷಕ್ಕೊಮ್ಮೆ ಕಾಣುವ ಅಪ್ಪ, ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆ. ಕನ್ನಡ, ಮಲಯಾಳ, ತುಳು, ಬ್ಯಾರಿ ಯಾವ ಭಾಷೆಯ ಮನೆಯಾದರೂ ಅಂಗಳದಿಂದ ತಲೆಯೆತ್ತಿ ನೋಡಿದ ಆಕಾಶ ಒಂದೇ. ಮಲಯಾಳ ಸಿನಿಮಾ ಕೊಲ್ಲಿಯ ಬದುಕನ್ನು ಗಂಭೀರವಾಗಿ ಎದುರಿಸಿದೆ; ೨೦೧೫ರ 'ಪತ್ತೇಮಾರಿ'ಯಂಥ ಚಿತ್ರ ಅದಕ್ಕೆ ಸಾಕ್ಷಿ. ಆದರೆ ಒಟ್ಟಾರೆ ನಮ್ಮ ಚಿತ್ರಗಳಲ್ಲಿ ವಿಮಾನವೆಂಬುದು ಎಲ್ಲಿಂದಲೋ ತಂದು ಅಂಟಿಸಿದ ಷಾಟ್. ನೆಲ ಬಿಟ್ಟು ಏಳುವ ವಿಮಾನ ತೋರಿಸಿದರೆ ಹೋದ ಎಂದರ್ಥ, ಇಳಿಯುವುದನ್ನು ತೋರಿಸಿದರೆ ಬಂದ ಎಂದರ್ಥ. ಅದು ಚಿತ್ರತುರಗವೂ ಅಲ್ಲ, ಬರಿಯ ವಿರಾಮಚಿಹ್ನೆ.

ಬೀಳುವ ವಿಮಾನದ ಮಾತು ಬಂದಾಗ ಇನ್ನೂ ಎಚ್ಚರ ಬೇಕು. ೨೦೧೦ರ ಮೇ ೨೨ರ ಬೆಳಗ್ಗೆ ದುಬೈಯಿಂದ ಮಂಗಳೂರಿಗೆ ಬಂದ ವಿಮಾನ ಬಜ್ಪೆಯ ಗುಡ್ಡದ ಮೇಲಿನ ರನ್‌ವೇ ದಾಟಿ ಕಂದಕಕ್ಕೆ ಬಿತ್ತು. ೧೬೬ ಜನರಲ್ಲಿ ೧೫೮ ಜನ ತೀರಿಕೊಂಡರು, ಬದುಕಿದವರು ಎಂಟು ಮಂದಿ. ಸತ್ತವರಲ್ಲಿ ಬಹಳ ಮಂದಿ ಕಾಸರಗೋಡು ಜಿಲ್ಲೆಯವರು. ೨೦೨೦ರ ಆಗಸ್ಟ್ ೭ರ ಮಳೆಯ ರಾತ್ರಿ ದುಬೈಯಿಂದಲೇ ಬಂದ ಇನ್ನೊಂದು ವಿಮಾನ ಕರಿಪ್ಪೂರಿನಲ್ಲಿ ಹಾಗೆಯೇ ಜಾರಿತು. ೨೧ ಜನ ಸತ್ತರು. ಈ ಸಂಚಿಕೆಯನ್ನು ಓದುವ ಮನೆಗಳಲ್ಲಿ ಆ ಬೆಳಗನ್ನೋ ಆ ರಾತ್ರಿಯನ್ನೋ ಮರೆಯದವರು ಇರಬಹುದು. ಅವರ ಮುಂದೆ, ಕೊಂಡು 'ಹಾಕಿದ' ಸ್ಫೋಟವೊಂದನ್ನು ಬೆರಗಿಗಾಗಿ ತೋರಿಸುವುದು ಕಲೆಯಲ್ಲ. ೧೯೪೨ರ ಆ ಜಪಾನೀ ಚಿತ್ರದ ಕಣ್ಣೇ ಅದು, ಮೇಲಿನಿಂದ ನೋಡುವ ಕಣ್ಣು.

ಹಾಗೆಂದು ಈ ವಸ್ತುವನ್ನು ಮುಟ್ಟಲೇಬಾರದೆಂದು ನಾನು ಹೇಳುತ್ತಿಲ್ಲ. ಮುಟ್ಟಬೇಕು. ದೊಡ್ಡ ಬಂಡವಾಳದ ಸಿನಿಮಾ ಅದನ್ನು ಮುಟ್ಟಿದರೆ ಬೆಂಕಿಯಿಂದ ಪ್ರಾರಂಭಿಸುವ ಅಪಾಯವೇ ಹೆಚ್ಚು. ಹವ್ಯಾಸಿಗೆ ಆ ಒತ್ತಡವಿಲ್ಲ. ಮೇಜಿನ ಮೇಲೆ ಗೇಣುದ್ದದ ವಿಮಾನವನ್ನು ತಿಂಗಳುಗಟ್ಟಲೆ ಕೂತು ಅಂಟಿಸುವವನಿಗೆ ಅದರ ಒಂದೊಂದು ಕಿಟಕಿಯೂ ಪರಿಚಯವಾಗುತ್ತದೆ. ಪ್ರತಿ ಕಿಟಕಿಯ ಹಿಂದೆ ಯಾರು ಕುಳಿತಿದ್ದಾರೆ ಎಂದು ಯೋಚಿಸಲು ಆ ಕೆಲಸದ ನಿಧಾನವೇ ಬಿಡುವು ಕೊಡುತ್ತದೆ. ಗುಂಡಿಯೊತ್ತಿ ತಂದ ಚಿತ್ರ ಆ ಬಿಡುವನ್ನು ತಾನಾಗಿ ಕೊಡುವುದಿಲ್ಲ. ಮಾದರಿಯ ಪರವಾಗಿ ನಾನು ಮಂಡಿಸುವ ಕೊನೆಯ ವಾದ ಇದು: ಅದು ಅಗ್ಗವೆಂದಾಗಲಿ ಹಳೆಯ ಕಾಲದ್ದೆಂಬ ಮಮತೆಯಿಂದಾಗಲಿ ಅಲ್ಲ, ಕೈಯಿಂದ ಕಟ್ಟಿದ್ದನ್ನು ಕೆಡಹುವಾಗ ಕೈ ಒಂದು ಕ್ಷಣ ತಡೆಯುತ್ತದೆ ಎಂಬುದಕ್ಕಾಗಿ.

ಆ ತಡೆಯನ್ನು ತೆರೆಯ ಮೇಲೆ ತರಬಲ್ಲ ಹುಡುಗನೋ ಹುಡುಗಿಯೋ ನಮ್ಮ ನಡುವೆ ಇದ್ದರೆ ಅವರ ವಿಮಾನದ ದಾರ ಕಂಡರೂ ಚಿಂತೆಯಿಲ್ಲ. ಬೊಂಬೆಯ ಸೂತ್ರವನ್ನು ಕಂಡೂ ಕಾಣದಂತೆ ಆಟ ನೋಡಿ ಅಭ್ಯಾಸವಿರುವ ಪ್ರೇಕ್ಷಕರು ನಾವು. ವಿಮಾನದ ಒಳಗೆ ಯಾರಿದ್ದಾರೆ ಎಂಬುದನ್ನು ಮಾತ್ರ ಅವರು ಮರೆಯಬಾರದು.